ಒಂದು ಮರವನ್ನೂ ಉಳಿಸದ ಕಾಗದ

ಮನೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಳೆ ಕಾಗದ ನೆನೆಸಿ, ರುಬ್ಬಿ, ಹೊಸ ಹಾಳೆ ಮಾಡಿದರೆ ಒಂದು ಮರವೂ ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಬೇಸಿಗೆ ಶಿಬಿರದ ಕರಪತ್ರದಲ್ಲಿ, ಶಾಲೆಯ ಪರಿಸರ ದಿನದ ಫಲಕದಲ್ಲಿ, ತಾಯ್ತಂದೆಯರು ಮೊಬೈಲಿನಲ್ಲಿ ಹಂಚಿಕೊಳ್ಳುವ ವಿಡಿಯೊಗಳಲ್ಲಿ ಈ ಕೆಲಸ ಶುರುವಾಗುವುದೇ ‘ಮರ ಉಳಿಸೋಣ’ ಎಂಬ ಸಾಲಿನಿಂದ. ನಾನು ಬರೆಯುತ್ತಿರುವುದು ಈ ಕೆಲಸದ ಪರವಾಗಿ, ಆ ಸಾಲಿನ ವಿರುದ್ಧ.

ಲೆಕ್ಕ ಹಾಕಿ ನೋಡಿ. ಜೆರಾಕ್ಸ್ ಅಂಗಡಿಯ ಎ4 ಹಾಳೆಯ ತೂಕ ಐದು ಗ್ರಾಂ ಕೂಡ ಇಲ್ಲ. 500 ಹಾಳೆಯ ರೀಮು ತೂಗಿದರೆ ಎರಡೂಕಾಲು ಕಿಲೊ ಚಿಲ್ಲರೆ. ಮಕ್ಕಳು ಒಂದು ಮಧ್ಯಾಹ್ನವೆಲ್ಲ ಕೂತು ಎ4ರ ಅರ್ಧ ಅಳತೆಯ ಹತ್ತು ಹನ್ನೆರಡು ದಪ್ಪ ಹಾಳೆ ಮಾಡಿದರು ಎಂದಿಟ್ಟುಕೊಳ್ಳಿ. ಅದಕ್ಕೆ ಹಿಡಿಯುವ ಹಳೆ ಕಾಗದ ನೂರು ಗ್ರಾಂ ದಾಟುವುದಿಲ್ಲ, ಹೆಚ್ಚೂಕಡಿಮೆ ಒಂದು ದಿನದ ಪತ್ರಿಕೆಯಷ್ಟು. ಇಷ್ಟಕ್ಕೆ ಎರಡು ಬಕೆಟ್ ನೀರು, ಮಿಕ್ಸಿಯ ಕರೆಂಟು, ಆಮೇಲೆ ಜಗಲಿ ತೊಳೆಯಲು ಇನ್ನೊಂದು ಬಕೆಟ್. ಅದೇ ಪತ್ರಿಕೆಯನ್ನು ಗುಜರಿಯವರಿಗೆ ಹಾಕಿದ್ದರೆ ರಟ್ಟು ಮಾಡುವ ಕಾರ್ಖಾನೆ ಸೇರಿ, ಕಿಲೊ ಲೆಕ್ಕದಲ್ಲಿ ನಮಗಿಂತ ಎಷ್ಟೋ ಕಡಿಮೆ ನೀರಿನಲ್ಲಿ ಹೊಸ ಹಾಳೆಯಾಗುತ್ತಿತ್ತು. ನಂಜನಗೂಡಿನಲ್ಲಿ ಅಂಥ ಕಾರ್ಖಾನೆ ದಶಕಗಳಿಂದ ಇದೆ. ದೇಶದಲ್ಲಿ ತಯಾರಾಗುವ ಕಾಗದದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ಈಗ ರದ್ದಿಯಿಂದಲೇ ಬರುವುದು. ನಮ್ಮ ರದ್ದಿ ಸಾಲದೆಂದು ಅಮೆರಿಕ, ಯುರೋಪಿನಿಂದ ಹಡಗಿನಲ್ಲಿ ತರಿಸಿಕೊಳ್ಳುತ್ತೇವೆ. ಹೀಗಿರುವಾಗ ತಳ್ಳುಗಾಡಿಯ ಮೇಲೆ ಹಳೆ ಪೇಪರ್ ಕೊಳ್ಳುತ್ತ ಬೀದಿ ತಿರುಗುವ ಮನುಷ್ಯ ಒಂದು ದಿನದಲ್ಲಿ ಮರಳಿ ಬಳಕೆಗೆ ಕಳಿಸುವಷ್ಟು ಕಾಗದವನ್ನು ಇಡೀ ಶಾಲೆಯ ಮಕ್ಕಳು ಒಂದು ಬೇಸಿಗೆಯಿಡೀ ಕೂತರೂ ಮಾಡಲಾರರು. ಅವರ ಬಗ್ಗೆ ಪರಿಸರ ದಿನದಂದು ಯಾರೂ ಭಾಷಣ ಮಾಡುವುದಿಲ್ಲ, ಅದು ಬೇರೆ ಮಾತು.

ಇನ್ನು, ಉಳಿಸುವುದು ಯಾವ ಮರವನ್ನು? ಫಲಕದ ಮೇಲೆ ಕಣ್ಣೀರು ಸುರಿಸುತ್ತ ನಿಂತಿರುವುದು ಹಕ್ಕಿಗೂಡಿರುವ ಕಾಡುಮರ. ಇವತ್ತು ನಮ್ಮ ಕಾರ್ಖಾನೆಗಳಿಗೆ ಹೋಗುವ ಮರದಲ್ಲಿ ಬಹುಪಾಲು ರೈತರ ಹೊಲದಿಂದ ಬರುವ ನೀಲಗಿರಿ, ಸುಬಾಬುಲ್, ಗಾಳಿಮರ. ಅವು ನೆಟ್ಟು, ಕೆಲವು ವರ್ಷಕ್ಕೆ ಕಡಿದು, ಮತ್ತೆ ನೆಡುವ ಬೆಳೆಗಳು. ತಮಿಳುನಾಡಿನ ಕರೂರಿನ ಬಳಿಯ ಸರ್ಕಾರಿ ಕಾರ್ಖಾನೆ ಹೆಸರು ಮಾಡಿದ್ದೇ ಕಬ್ಬಿನ ಸಿಪ್ಪೆಯಿಂದ ಕಾಗದ ಮಾಡಿ. ನಮ್ಮ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯೂ, ಅಂದರೆ ನಾಲ್ವಡಿಯವರ ಕಾಲದಲ್ಲಿ 1936ರಲ್ಲಿ ಹುಟ್ಟಿ ಈಗ ಬಾಗಿಲು ಹಾಕಿರುವ ಎಂಪಿಎಂ, ಜೊತೆಗೊಂದು ಸಕ್ಕರೆ ಕಾರ್ಖಾನೆ ಇಟ್ಟುಕೊಂಡು ಕಬ್ಬಿನ ಸಿಪ್ಪೆಯನ್ನು ಬಳಸಿತ್ತು.

ಹಾಗಾದರೆ ಕಾಗದಕ್ಕಾಗಿ ಕಾಡು ಹಾಳಾದದ್ದು ಸುಳ್ಳೇ? ಸುಳ್ಳಲ್ಲ, ಆದರೆ ಹಾಳಾದ ಬಗೆ ಬೇರೆ. 1950ರ ದಶಕದಲ್ಲಿ ದಾಂಡೇಲಿಗೆ ಕಾಗದದ ಕಾರ್ಖಾನೆ ಬಂದಾಗ ಉತ್ತರ ಕನ್ನಡದ ಬಿದಿರನ್ನು ಅದಕ್ಕೆ ಟನ್ನಿಗೆ ಒಂದೂವರೆ ರೂಪಾಯಿ ದರದಲ್ಲಿ ಬಿಟ್ಟುಕೊಡಲಾಯಿತು. ಅದೇ ಬಿದಿರಿಗೆ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ಬೆಲೆ ತೆರಬೇಕಿತ್ತು. ಬಿದಿರು ಬರಿದಾಗುತ್ತಿದೆ ಎಂದು ಅವರು ದೂರಿದ ಮೇಲೆ 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಸಂಗಡಿಗರೊಂದಿಗೆ ಕಾಡು ಸುತ್ತಿ ನೋಡಿದರು. ಮೆಳೆ ಚೆನ್ನಾಗಿ ಬೆಳೆಯಲಿ ಎಂದು ಅರಣ್ಯ ಇಲಾಖೆಯ ಪದ್ಧತಿಯಂತೆ ಬುಡದ ಮುಳ್ಳಿನ ಹೊದಿಕೆಯನ್ನು ಕಡಿದು ಹಸನು ಮಾಡುತ್ತಿದ್ದರು. ಆ ಮುಳ್ಳೇ ಎಳೆ ಕಳಲೆಗೆ ಬೇಲಿ. ಬೇಲಿ ಹೋದ ಮೇಲೆ ಕಳಲೆ ದನಗಳ, ಕಾಡುಪ್ರಾಣಿಗಳ ಪಾಲಾಯಿತು, ಮೆಳೆ ಮುಂದೆ ಏಳಲಿಲ್ಲ. ಹಳ್ಳಿಯವರಿಗೆ ಇದು ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಎಂಪಿಎಂಗೆ ಗುತ್ತಿಗೆಗೆ ಬಿಟ್ಟುಕೊಟ್ಟ ಮಲೆನಾಡಿನ ನೆಲದಲ್ಲಿ ಅಕೇಶಿಯ ಎದ್ದದ್ದು, 2020ರಲ್ಲಿ ಆ ಗುತ್ತಿಗೆಯನ್ನು ಮುಂದುವರಿಸಿದಾಗ ಶಿವಮೊಗ್ಗದಲ್ಲಿ ಜನ ಎದುರು ನಿಂತದ್ದು ಇದೇ ಕಥೆಯ ಇನ್ನೊಂದು ಅಧ್ಯಾಯ. ಬೆಲೆ ಯಾರು ಕಟ್ಟಿದರು, ನೆಲ ಯಾರದಾಗಿತ್ತು, ಯಾರ ಮಾತು ಕೇಳಲಿಲ್ಲ ಎನ್ನುವುದರಲ್ಲಿ ಕಾಡಿನ ಅಳಿವು ಉಳಿವು ಇದೆ. ‘ಮರ ಉಳಿಸಿ’ ಎಂದು ಬರೆದ ಫಲಕ ಹಿಡಿದ ಮಗುವಿಗೆ ಈ ಪ್ರಶ್ನೆಗಳು ಏಳುವುದೇ ಇಲ್ಲ. ಉತ್ತರ ಆಗಲೇ ಕೈಯಲ್ಲಿದೆಯಲ್ಲ.

ಪ್ರಶ್ನೆ ಏಳಬೇಕಾದರೆ ಮಗು ಕಾಗದವನ್ನು ಮಾಡಬೇಕು. ನನ್ನ ವಾದ ಇಷ್ಟೇ. ಮಕ್ಕಳು ದಿನಕ್ಕೆ ನೂರು ಸಲ ಮುಟ್ಟುವ ವಸ್ತು ಕಾಗದ. ಅದು ಯಾವುದರಿಂದ ಆಗಿದೆ ಎಂದು ಕೇಳಿದರೆ ‘ಮರದಿಂದ’ ಎನ್ನುತ್ತಾರೆ. ಮರದಿಂದ ಹೇಗೆ ಎಂದು ಕೇಳಿದರೆ, ಮರವನ್ನು ತೆಳ್ಳಗೆ ಹೆರೆದು ಎಂದು ಹೇಳಿದ ಹೈಸ್ಕೂಲು ಮಕ್ಕಳನ್ನು ಕಂಡಿದ್ದೇನೆ. ದೊಡ್ಡವರಲ್ಲೂ ಅನೇಕರಿಗೆ ಇದಕ್ಕಿಂತ ಹೆಚ್ಚು ಗೊತ್ತಿಲ್ಲ.

ಮಾಡುವ ಕ್ರಮ ಹೇಳುತ್ತೇನೆ, ಏಕೆಂದರೆ ಕಲಿಕೆ ಇರುವುದೇ ಅದರಲ್ಲಿ. ಹಿಂದಿನ ವರ್ಷದ ನೋಟ್‌ಬುಕ್ಕಿನ ಬರೆದು ಮುಗಿದ ಹಾಳೆಗಳನ್ನು ಪಿನ್ನು ತೆಗೆದು, ಅಂಚೆಚೀಟಿಯಷ್ಟು ಚೂರು ಮಾಡಿ, ರಾತ್ರಿಯಿಡೀ ನೆನೆಹಾಕಬೇಕು. ದಿನಪತ್ರಿಕೆಯೂ ಆದೀತು, ಆದರೆ ಹಾಳೆ ಬೂದಿ ಬಣ್ಣಕ್ಕೆ ಬರುತ್ತದೆ, ಬೇಗ ಹಳದಿಯೂ ಆಗುತ್ತದೆ. ಮರದಲ್ಲಿ ನಾರನ್ನು ಹಿಡಿದಿಡುವ ಲಿಗ್ನಿನ್ ಎಂಬ ಅಂಟನ್ನು ಅದರಿಂದ ಪೂರ್ತಿ ತೆಗೆದಿರುವುದಿಲ್ಲ. ಮಿರುಗುವ ಮಾಸಿಕದ ಮುಖಪುಟ ಬೇಡ, ಅದರ ಮೈಗೆ ಬಳಿದಿರುವುದು ಬಿಳಿ ಜೇಡಿ ಮತ್ತು ಸುಣ್ಣದ ಪುಡಿ. ಎಟಿಎಂ ಚೀಟಿ, ಅಂಗಡಿಯ ಬಿಲ್ಲು ಖಂಡಿತ ಬೇಡ, ಶಾಖಕ್ಕೆ ಅಕ್ಷರ ಮೂಡಲಿ ಎಂದು ಅವುಗಳಿಗೆ ರಾಸಾಯನಿಕ ಸವರಿರುತ್ತಾರೆ.

ನೆನೆದದ್ದನ್ನು ಹಿಡಿ ಹಿಡಿಯಾಗಿ, ಜಾರಿನ ತುಂಬ ನೀರು ಹಾಕಿ, ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸಬೇಕು. ಇದು ದೊಡ್ಡವರ ಕೆಲಸ. ಒರಳುಕಲ್ಲು ಇರುವ ಮನೆಯವರು ಅದನ್ನೇ ಬಳಸಲಿ, ಮಕ್ಕಳೂ ಕೈ ಹಾಕಬಹುದು. ಮಿಕ್ಸಿಯ ಬ್ಲೇಡು ನಾರನ್ನು ಕತ್ತರಿಸುತ್ತದೆ, ಕಲ್ಲು ಜಜ್ಜಿ ಬಿಡಿಸುತ್ತದೆ. ಜಜ್ಜಿದ ನಾರಿನ ಹಾಳೆ ಗಟ್ಟಿ. ಹಿಂದಿನ ಕಾಗದಗಾರರು ಕಾಲಿನಿಂದ ತುಳಿಯುವ ಒನಕೆ ಯಂತ್ರದಲ್ಲಿ ದಿನಗಟ್ಟಲೆ ಕುಟ್ಟುತ್ತಿದ್ದದ್ದು ಇದಕ್ಕೇ.

ಈ ಗಂಜಿಯನ್ನು ಟಬ್ಬಿನ ನೀರಿಗೆ ಸುರಿದು ಕಲಕಿದರೆ ನೀರೆಲ್ಲ ಮೋಡ. ಹಳೆ ಫೋಟೊ ಕಟ್ಟಿಗೆ ಕಿಟಕಿಯ ಸೊಳ್ಳೆ ಜಾಲರಿಯನ್ನು ಬಿಗಿಯಾಗಿ ಹೊಡೆದರೆ ಅದೇ ಅಚ್ಚು. ಅದನ್ನು ನೆಟ್ಟಗೆ ಮುಳುಗಿಸಿ, ನೀರಿನೊಳಗೇ ಮಟ್ಟಸ ಮಾಡಿ, ಒಂದೇ ಸಮ ಮೇಲೆತ್ತಬೇಕು. ಎತ್ತಿದ ಕೂಡಲೇ, ನೀರು ಇಳಿಯುವ ಮೊದಲು, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಅಲುಗಿಸಬೇಕು. ನನ್ನ ತಂಗಿಯ ಒಂಬತ್ತು ವರ್ಷದ ಮಗಳು ಇದನ್ನು ನಾಲಗೆ ಕಚ್ಚಿಕೊಂಡು ಮಾಡುತ್ತಾಳೆ. ಒಂದು ಮೂಲೆಗೆ ಗಂಜಿ ಗುಡ್ಡೆಯಾಗಿ ಇನ್ನೊಂದು ಮೂಲೆಯಲ್ಲಿ ಜಾಲರಿ ಕಂಡರೆ ಅಚ್ಚನ್ನು ಮಗುಚಿ ಟಬ್ಬಿಗೇ ತಟ್ಟಿಬಿಡುತ್ತಾಳೆ. ತಪ್ಪಿದ ಹಾಳೆ ಮತ್ತೆ ನೀರಾಗಿ ಮುಂದಿನ ಹಾಳೆಗೆ ಸಿದ್ಧ. ತಪ್ಪಿಗೆ ಕೆಂಪು ಶಾಯಿಯ ಗೆರೆ ಬೀಳದ, ಅಂಕ ಹೋಗದ ಕೆಲಸ ನಮ್ಮ ಮಕ್ಕಳ ದಿನಚರಿಯಲ್ಲಿ ಇನ್ನು ಯಾವುದಿದೆ? ನನಗಂತೂ ಈ ಇಡೀ ಉಸಾಬರಿಗೆ ಇದೊಂದೇ ಕಾರಣ ಸಾಕು.

ನೀರು ಸೋರುವುದು ನಿಂತ ಮೇಲೆ ಅಚ್ಚನ್ನು ಒದ್ದೆ ಪಂಚೆಯ ತುಂಡಿನ ಮೇಲೆ ಬೋರಲು ಹಾಕಿ, ಬೆನ್ನಿನ ಕಡೆಯಿಂದ ಸ್ಪಂಜಿನಲ್ಲಿ ಒತ್ತಿ ನೀರು ಹೀರಿಸಿ, ಒಂದು ಅಂಚಿನಿಂದ ಎತ್ತಬೇಕು. ಬಟ್ಟೆ, ಹಾಳೆ, ಬಟ್ಟೆ, ಹಾಳೆ ಎಂದು ಪೇರಿಸಿ ಮೇಲೊಂದು ಮಣೆ ಇಟ್ಟು ಮಗುವನ್ನು ಹತ್ತಿಸಿದರೆ ನಾಲ್ಕೂ ಕಡೆಯಿಂದ ನೀರು ಜಿನುಗುತ್ತದೆ. ಒಣಗಿಸುವುದು ನೆರಳಿನಲ್ಲಿ. ಬಿರುಬಿಸಿಲಿಗೆ ಹಾಕಿದರೆ ಹಪ್ಪಳದ ಹಾಗೆ ಅಂಚು ಮುದುರಿಕೊಳ್ಳುತ್ತದೆ. ಕಿಟಕಿಯ ಗಾಜಿಗೆ ಅಂಟಿಸಿಬಿಟ್ಟರೆ ಒಂದು ಮೈ ನುಣುಪಾಗುತ್ತದೆ.

ಒಣಗಿದ ಹಾಳೆಯನ್ನು ಹಿಡಿದು ಆ ಹುಡುಗಿ ಕೇಳಿದ್ದು, “ದೊಡ್ಡಮ್ಮ, ಇದಕ್ಕೆ ಗಮ್ಮೇ ಹಾಕ್ಲಿಲ್ವಲ್ಲ, ಹೆಂಗೆ ಅಂಟ್ಕೊಂಡ್ತು?” ಪಠ್ಯಪುಸ್ತಕದಲ್ಲಿ ಎಂಟೋ ಹತ್ತೋ ತರಗತಿ ದಾಟಿದ ಮೇಲೆ ಬರುವ ಪ್ರಶ್ನೆ ಇದು. ನಾರು ಸೆಲ್ಯುಲೋಸಿನದು. ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ನಾರುಗಳು ನೀರು ಆರುತ್ತ ಹತ್ತಿರ ಬಂದು, ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮತ್ತೆ ನೀರು ಸಿಕ್ಕರೆ ಹಿಡಿತ ಸಡಿಲ. ಆದ್ದರಿಂದಲೇ ಹಳೆ ಕಾಗದ ಮತ್ತೆ ಕಾಗದವಾಗುವುದು. ಪ್ಲಾಸ್ಟಿಕ್ ಪೊರೆ ಇರುವ ಟೀ ಲೋಟ ಹಾಗೆ ಕರಗುವುದಿಲ್ಲ, ನೆನೆಹಾಕಿ ಮಕ್ಕಳೇ ನೋಡಲಿ. ಆದರೆ ಈ ಆಟ ಅನಂತವೂ ಅಲ್ಲ. ಪ್ರತಿ ಸುತ್ತಿನಲ್ಲೂ ನಾರು ಗಿಡ್ಡವಾಗುತ್ತ, ಬಿರುಸಾಗುತ್ತ ಹೋಗುತ್ತದೆ. ಐದಾರು ಸುತ್ತು ಕಳೆದ ಮೇಲೆ ಹಾಳೆಯನ್ನು ಹಿಡಿದಿಡುವ ಕಸುವು ಅದಕ್ಕಿರುವುದಿಲ್ಲ, ಎಲ್ಲಿಂದಲೋ ಹೊಸ ನಾರು ಬರಲೇಬೇಕು. ಮರುಬಳಕೆಯೇ ಎಲ್ಲಕ್ಕೂ ಮದ್ದು ಎಂದು ನಂಬಿದವರಿಗೆ ಆ ಕೊನೆಯ ಸುತ್ತಿನ ಪುಡಿಪುಡಿ ಹಾಳೆಗಿಂತ ಒಳ್ಳೆಯ ಉತ್ತರವಿಲ್ಲ.

ಇನ್ನೊಂದು ಪರೀಕ್ಷೆಯಿದೆ, ಖರ್ಚಿಲ್ಲದ್ದು. ದಿನಪತ್ರಿಕೆಯ ಹಾಳೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೂಲು ಹಿಡಿದಂತೆ ನೇರ ಹರಿಯುತ್ತದೆ. ಅಡ್ಡಡ್ಡ ಹರಿಯಿರಿ, ಹಾವಿನಂತೆ ಸೊಟ್ಟ ಓಡುತ್ತದೆ. ಯಂತ್ರದಲ್ಲಿ ಗಂಜಿ ಬೀಳುವುದು ಓಡುತ್ತಿರುವ ಜಾಲರಿಯ ಮೇಲೆ, ನಾರೆಲ್ಲ ಓಟದ ದಿಕ್ಕಿಗೇ ಮಲಗುತ್ತದೆ. ಫ್ರಾನ್ಸಿನಲ್ಲಿ ನಿಕೊಲಾ ಲೂಯಿ ರೊಬೆರ್ ಇಂಥ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1799ರಲ್ಲಿ. ಕೈಕಾಗದವನ್ನು ಯಾವ ಕಡೆ ಹರಿದರೂ ಒಂದೇ, ಮಗು ಎರಡೂ ದಿಕ್ಕಿಗೆ ಅಲುಗಿಸಿತ್ತಲ್ಲ! ತನ್ನ ಮಣಿಕಟ್ಟಿನ ಅಲುಗಾಟ ಹಾಳೆಯೊಳಗೆ ಉಳಿದಿದೆ ಎಂದು ಹರಿದು ನೋಡಿದವರಿಗೆ ಗೊತ್ತಾಗುತ್ತದೆ.

ಹೀಗೆ ನೆನೆಸಿ ರುಬ್ಬುವುದು ನಮ್ಮ ಮನೆಗಳಿಗೆ ಹೊಸದೇನಲ್ಲ. ಹಳೆಯ ಕಾಗದವನ್ನು ಮೆಂತ್ಯದ ಜೊತೆ ನೆನೆಹಾಕಿ, ಒರಳಲ್ಲಿ ನುಣ್ಣಗೆ ರುಬ್ಬಿ, ಮೊರಕ್ಕೆ, ಬಿದಿರುಬುಟ್ಟಿಗೆ ಸಾರಿಸುತ್ತಿದ್ದ ಹೆಂಗಸರು ಈಗಲೂ ಅಲ್ಲಲ್ಲಿ ಇದ್ದಾರೆ. ಮೊರದ ಸಂದಿ ಮುಚ್ಚಿಕೊಂಡು ರಾಗಿ, ಸಾಸಿವೆ ಸೋರುವುದಿಲ್ಲ, ಮೆಂತ್ಯದ ಕಹಿಗೆ ಹುಳ ಹತ್ತಿರ ಬರುವುದಿಲ್ಲ ಎನ್ನುತ್ತಿದ್ದರು. ಬೋಸಿಯನ್ನು ಬೋರಲು ಹಾಕಿ ಅದರ ಬೆನ್ನಿಗೆ ಇದೇ ಮುದ್ದೆ ಮೆತ್ತಿ, ಒಣಗಿದ ಮೇಲೆ ಬಿಡಿಸಿದರೆ ಕಾಗದದ ಬುಟ್ಟಿ. ನನ್ನ ಸೋದರತ್ತೆಯ ಅಟ್ಟದಲ್ಲಿ ಇಂಥದೊಂದು ಬುಟ್ಟಿಯಲ್ಲಿ ಹತ್ತಿಬತ್ತಿ ಇರುತ್ತಿತ್ತು, ತಳದಲ್ಲಿ ಪಂಚಾಂಗದ ಅಕ್ಷರ ಅರೆಬರೆ ಕಾಣುತ್ತಿತ್ತು. ಪರಿಸರ ಎಂದು ಅತ್ತೆ ಬಾಯಿ ಬಿಟ್ಟು ಒಂದು ದಿನವೂ ಹೇಳಿದ್ದಿಲ್ಲ. ಅವರಿಗೆ ಬುಟ್ಟಿ ಬೇಕಿತ್ತು, ಕಾಗದ ಮನೆಯಲ್ಲಿತ್ತು. ಇವತ್ತಿನ ಮಕ್ಕಳಿಗೆ ಅಚ್ಚು ಹಿಡಿದು ಹಾಳೆ ಮಾಡುವುದು ಕಷ್ಟವಾದರೆ ಇದರಿಂದಲೇ ಶುರುಮಾಡಬಹುದು. ಅಚ್ಚಾದ ಕಾಗದದ ಬುಟ್ಟಿಯಲ್ಲಿ ತಿನ್ನುವ ಪದಾರ್ಥ ಮಾತ್ರ ಬೇಡ. ಪತ್ರಿಕೆಯ ಶಾಯಿ ಆಹಾರಕ್ಕೆ ತಾಗಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಬೋಂಡ ಕಟ್ಟಿಕೊಡುವವರು ಕೇಳಿಸಿಕೊಂಡಂತಿಲ್ಲ.

ಕೈಕಾಗದವನ್ನೇ ಬದುಕು ಮಾಡಿಕೊಂಡವರೂ ಇದ್ದಾರೆ. ಚೀನಾದಲ್ಲಿ ಎರಡು ಸಾವಿರ ವರ್ಷದ ಹಿಂದೆ ಹುಟ್ಟಿದ ವಿದ್ಯೆ ಮಧ್ಯ ಏಷ್ಯದ ಮೂಲಕ ಬಂದು ಹದಿನೈದನೇ ಶತಮಾನದಲ್ಲಿ ಕಾಶ್ಮೀರದಲ್ಲಿ ಬೇರೂರಿತು. ಮುಂದೆ ಅಹಮದಾಬಾದ್, ಜುನ್ನರ್, ಜೈಪುರದ ಬಳಿಯ ಸಾಂಗಾನೇರ್‌ಗಳಲ್ಲಿ ಕಾಗ್ಜಿ ಎಂಬ ಮುಸ್ಲಿಂ ಕುಶಲಕರ್ಮಿ ಮನೆತನಗಳು ನೆಲೆಯೂರಿದವು. ಸಾಂಗಾನೇರ್‌ನಲ್ಲಿ ಇಂದಿಗೂ ಇದೇ ಕಸುಬು. ಅವರ ಕಚ್ಚಾವಸ್ತು ಹೆಚ್ಚಾಗಿ ರದ್ದಿಯಲ್ಲ, ಹತ್ತಿಬಟ್ಟೆಯ ಚೂರು, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ಕತ್ತರಿಕೆ. ಹತ್ತಿಯ ನಾರು ಉದ್ದ, ಹಾಳೆ ಗಟ್ಟಿ. ನಮ್ಮ ರೂಪಾಯಿ ನೋಟಿನ ಕಾಗದವೂ ಹತ್ತಿಯದೇ, ಅದನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿದೆ. ಪ್ಯಾಂಟಿನ ಜೇಬಿನಲ್ಲಿ ಮರೆತು ಒಗೆದ ನೋಟು ಇಡಿಯಾಗಿ ಉಳಿದು, ಅದರ ಜೊತೆಗಿದ್ದ ಬಸ್ ಟಿಕೆಟ್ಟು ಉಂಡೆಯಾಗುವುದನ್ನು ಯಾರು ಕಂಡಿಲ್ಲ?

ಕಸುಬಿನವರ ಮಾತು ಬಂದಾಗ ಒಂದು ವಿಷಯ ಮುಚ್ಚಿಡಬಾರದು. ಮಗುವಿಗೆ ಒಂದು ಮಧ್ಯಾಹ್ನದ ಸಂಭ್ರಮವಾದದ್ದು ಕಾಗ್ಜಿಗೆ ದಿನವಿಡೀ ತೊಟ್ಟಿಯ ತಣ್ಣೀರಿನಲ್ಲಿ ಬೆನ್ನು ಬಾಗಿಸಿ, ನೂರಾರು ಸಲ ಒದ್ದೆ ಅಚ್ಚು ಎತ್ತುವ ದುಡಿಮೆ. ಮೂರು ಹಾಳೆ ಮಾಡಿದ ಮೇಲೆ ಮಗುವಿನ ತೋಳು ಸೋಲುತ್ತದೆ. ಸೋತಾಗಲೇ ಅದನ್ನು ಹೇಳಬೇಕು. ಭಾಷಣ ಬೇಡ, ಒಂದು ಮಾತು ಸಾಕು.

ಈ ದೇಶದಲ್ಲಿ ಮಕ್ಕಳ ಕೈಕೆಲಸದ ಮಾತೆತ್ತಿದರೆ ಗಾಂಧೀಜಿಯನ್ನು ಬಿಟ್ಟು ಮುಂದೆ ಹೋಗಲಾಗದು. 1934ರಲ್ಲಿ ಅವರು ಹುಟ್ಟುಹಾಕಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ವಾರ್ಧಾದಲ್ಲಿ ಜೆ.ಸಿ. ಕುಮಾರಪ್ಪನವರ ಕೈಯಲ್ಲಿ ಬೆಳೆದಾಗ ಅಲ್ಲಿ ಮತ್ತೆ ಉಸಿರಾಡಿದ ಕಸುಬುಗಳಲ್ಲಿ ಕೈಕಾಗದವೂ ಒಂದು. ಸಾಂಗಾನೇರ್‌ನಲ್ಲಿರುವ ರಾಷ್ಟ್ರೀಯ ಕೈಕಾಗದ ಸಂಸ್ಥೆಗೆ ಕುಮಾರಪ್ಪನವರ ಹೆಸರೇ ಇದೆ. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟದ್ದು, ಮಗುವಿನ ಓದೆಲ್ಲ ಒಂದು ಕಸುಬಿನ ಸುತ್ತ ನಡೆಯಲಿ ಎಂಬ ಸಲಹೆ. ಝಾಕಿರ್ ಹುಸೇನ್ ಸಮಿತಿ ಅದಕ್ಕೆ ರೂಪ ಕೊಟ್ಟಿತು. ಕೈಯಿಂದ ಬುದ್ಧಿಗೆ ದಾರಿಯಿದೆ ಎಂಬ ಅರ್ಧದಲ್ಲಿ ಗಾಂಧೀಜಿ ಗೆದ್ದಿದ್ದಾರೆ ಎಂದು ಮೇಲಿನ ಗಮ್ಮಿನ ಪ್ರಶ್ನೆಯನ್ನು ಕೇಳಿಸಿಕೊಂಡ ನಾನು ಹೇಳಬಲ್ಲೆ. ಮಕ್ಕಳು ಮಾಡಿದ ವಸ್ತು ಮಾರಾಟವಾಗಿ ಮೇಷ್ಟರ ಸಂಬಳ ಹುಟ್ಟಬೇಕು ಎಂಬ ಇನ್ನೊಂದು ಅರ್ಧವನ್ನು ಆ ಕಾಲದಲ್ಲೇ ಹಲವರು ವಿರೋಧಿಸಿದ್ದರು, ಸರಿಯಾಗಿಯೇ ವಿರೋಧಿಸಿದ್ದರು. ಉತ್ಪತ್ತಿಯ ಲೆಕ್ಕ ಬಂದ ಕೂಡಲೇ ಸೊಟ್ಟ ಹಾಳೆ ನಷ್ಟವಾಗುತ್ತದೆ, ಮಗು ಆಳಾಗುತ್ತದೆ. ಪುತ್ತೂರಿನ ಬಾಲವನದಲ್ಲಿ ಆಟ, ನಾಟಕ, ಕೈಕೆಲಸಗಳನ್ನೇ ಕಲಿಕೆಯಾಗಿಸಲು ಹೊರಟ ಶಿವರಾಮ ಕಾರಂತರ ದಾರಿ ನನಗೆ ಇಲ್ಲಿ ಹೆಚ್ಚು ಹತ್ತಿರ. ಮಗು ಕುತೂಹಲಕ್ಕೆ ಮಾಡಲಿ, ಮಾಡಿದ್ದು ಏನಾದರೂ ಆಗಲಿ.

ಇವತ್ತು ಸಂಬಳದ ಲೆಕ್ಕ ಹೋಗಿದೆ, ಅದರ ಜಾಗಕ್ಕೆ ಅಂಕದ ಲೆಕ್ಕ ಬಂದಿದೆ. ಶಾಲೆಗಳ ‘ಕಸದಿಂದ ರಸ’ ಸ್ಪರ್ಧೆಯ ಹಿಂದಿನ ಸಂಜೆ ಫ್ಯಾನ್ಸಿ ಸ್ಟೋರಿನಲ್ಲಿ ನಿಂತು ನೋಡಬೇಕು. ಹೊಸ ಚಾರ್ಟು, ಥರ್ಮೊಕೋಲು, ಮಿನುಗು ಪುಡಿ, ಬಿಸಿ ಅಂಟಿನ ಗನ್ನು. ರಸ ಮಾಡಲು ಕೊಂಡ ಹೊಸ ಸಾಮಾನು ಮರುವಾರ ಕಸ. ರಾತ್ರಿ ಹನ್ನೊಂದರವರೆಗೆ ಕೂತು ಮಾಡುವವರು ತಾಯಿ, ಬಹುಮಾನ ಮಗುವಿಗೆ. ಇದೇ ಕಣ್ಣು ಕೈಕಾಗದದ ಮೇಲೂ ಬಿದ್ದಿದೆ. ಹಾಳೆಗೆ ಮಿನುಗು ಪುಡಿ ಬೆರೆಸುತ್ತಾರೆ. ಅದು ಪ್ಲಾಸ್ಟಿಕ್, ಬೆರೆತ ಮೇಲೆ ಆ ಹಾಳೆ ಮತ್ತೆ ಕಾಗದವಾಗಲೂ ಯೋಗ್ಯವಲ್ಲ, ಗೊಬ್ಬರದ ಗುಂಡಿಗೂ ಸಲ್ಲದು. ತುಳಸಿ, ಚೆಂಡುಹೂವಿನ ಬೀಜ ಹುದುಗಿಸಿದ ಮದುವೆ ಕರೆಯೋಲೆಗಳು ನಮ್ಮ ಮನೆಗೂ ಬಂದಿವೆ. ಮದುವೆಗೆ ಹೋಗಿ ಉಂಡು ಬಂದವರು ಅನೇಕರು, ಕರೆಯೋಲೆ ಬಿತ್ತಿದವರನ್ನು ನಾನು ಕಂಡಿಲ್ಲ.

ನೀರಿನ ಆಕ್ಷೇಪಕ್ಕೆ ಬರುತ್ತೇನೆ, ಅದು ನಿಜವಾದ ಆಕ್ಷೇಪ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬಡಾವಣೆಗಳು ಟ್ಯಾಂಕರಿಗೆ ಕಾದು ಕೂತಿದ್ದಾಗ ಎರಡು ಬಕೆಟ್ ನೀರನ್ನು ಕಾಗದಕ್ಕೆ ಸುರಿಯಿರಿ ಎನ್ನುವ ಧೈರ್ಯ ಯಾರಿಗಿತ್ತು? ಅಂಥ ವರ್ಷ ಬಿಟ್ಟುಬಿಡಿ. ನೀರಿರುವ ಕಡೆಯೂ ಒಂದೇ ಟಬ್ಬಿನ ನೀರಿನಲ್ಲಿ ಎಲ್ಲ ಹಾಳೆಯೂ ಆಗಬೇಕು. ಕೊನೆಗೆ ಉಳಿದದ್ದನ್ನು ಬಟ್ಟೆಯಲ್ಲಿ ಸೋಸಿದರೆ ನೀರು ಹೂಕುಂಡಕ್ಕೆ, ಮುದ್ದೆ ಇನ್ನೊಂದು ದಿನಕ್ಕೆ. ಬಚ್ಚಲಿಗೆ ಸುರಿದರೆ ಪೈಪಿನಲ್ಲಿ ಗಡ್ಡೆ ಕಟ್ಟಿ ಪ್ಲಂಬರ್ ಬರಬೇಕಾಗುತ್ತದೆ. ಬಿಳುಪು ಬರಲೆಂದು ಬ್ಲೀಚು ಹಾಕುವುದಂತೂ ಬೇಡವೇ ಬೇಡ.

ಹಿರಿಯರಿಂದ ಬರುವ ತಕರಾರು ಇನ್ನೊಂದು. ಅಕ್ಷರವಿರುವ ಕಾಗದ ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಗಳಲ್ಲಿ ಮಕ್ಕಳು ಪುಸ್ತಕದ ಹಾಳೆಯನ್ನು ಚೂರು ಚೂರು ಮಾಡುವುದು ಅಜ್ಜಿಯರಿಗೆ ಸಹಿಸದು. ಆ ಕಸಿವಿಸಿ ನನಗೆ ಹಿಡಿಸುತ್ತದೆ. ಆದರೆ ತುಳಿದರೆ ನಮಸ್ಕಾರ ಮಾಡುವ ನಾವೇ ಒಂದು ಬದಿ ಖಾಲಿ ಇರುವ ಪ್ರಿಂಟೌಟನ್ನು ಯೋಚಿಸದೆ ಬುಟ್ಟಿಗೆ ಹಾಕುತ್ತೇವಲ್ಲ, ಅದಕ್ಕೆ ಯಾವ ಪ್ರಾಯಶ್ಚಿತ್ತ?

ಕಾಗದ ನಿಜಕ್ಕೂ ಉಳಿಯುವುದು ಅಲ್ಲಿಯೇ, ಟಬ್ಬಿಗೆ ಬೀಳುವ ಮೊದಲು. ಪರೀಕ್ಷೆ ಮುಗಿದ ವಾರ ಎಲ್ಲ ನೋಟ್‌ಬುಕ್ಕುಗಳ ಖಾಲಿ ಹಾಳೆ ಬಿಡಿಸಿ, ದಬ್ಬಳದಲ್ಲಿ ಹೊಲಿದು, ಹಳೆ ಕ್ಯಾಲೆಂಡರಿನ ರಕ್ಷಾಕವಚ ಹಾಕಿ ರಫ್ ಪುಸ್ತಕ ಮಾಡಿಕೊಂಡ ತಲೆಮಾರು ನಮ್ಮದು. ಒಂದು ಮಧ್ಯಾಹ್ನದ ಆ ಹೊಲಿಗೆ ಕಿಲೊಗಟ್ಟಲೆ ಹಾಳೆ ಉಳಿಸುತ್ತಿತ್ತು. ಅದಕ್ಕೂ ಹಿಂದೆ ಕನ್ನಡ ನಾಡಿನ ವ್ಯಾಪಾರಿಗಳು, ಮಠಗಳು ಲೆಕ್ಕ ಬರೆದದ್ದು ಕಡತದಲ್ಲಿ. ದಪ್ಪ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು, ಪಟ್ಟಿಪಟ್ಟಿಯಾಗಿ ಮಡಿಸಿಡುತ್ತಿದ್ದರು. ಬೇಡವಾದಾಗ ಒರೆಸಿ, ಮತ್ತೆ ಬಳಿದು, ಮತ್ತೆ ಬರೆಯುತ್ತಿದ್ದರು. ಎರಡು ಬದಿ ಬರೆಯುವುದು, ಖಾಲಿ ಹಾಳೆ ಹೊಲಿಯುವುದು, ಆಮೇಲೆ ಉಳಿದದ್ದನ್ನು ಗುಜರಿಗೆ ಕೊಡುವುದು, ಅದರಲ್ಲೊಂದು ಹಿಡಿ ಮಾತ್ರ ಟಬ್ಬಿಗೆ. ಈ ಕ್ರಮ ತಪ್ಪಿಸಿ ಚೆನ್ನಾಗಿರುವ ಹಾಳೆ ಹರಿದು ಪಲ್ಪ್ ಮಾಡುವ ಶಿಬಿರಗಳಿಗೆ ಮಕ್ಕಳನ್ನು ಕಳಿಸಬೇಡಿ.

ಶಿಕ್ಷಕರಲ್ಲಿ ನನ್ನ ಕೋರಿಕೆ ಒಂದೇ. ಇದನ್ನು ಪ್ರಾಜೆಕ್ಟ್ ಮಾಡಬೇಡಿ, ಅಂಕ ಕೊಡಬೇಡಿ, ಪರಿಸರ ದಿನದ ಪ್ರದರ್ಶನಕ್ಕಿಡಬೇಡಿ. ಜೂನ್ 5ಕ್ಕೆ ಹೇಗೂ ಮಳೆ ಹಿಡಿದಿರುತ್ತದೆ, ಹಾಳೆ ಒಣಗುವುದಿಲ್ಲ. ತಾಯ್ತಂದೆಯರು ಏಪ್ರಿಲ್‌ನಲ್ಲೋ ಮೇ ತಿಂಗಳಲ್ಲೋ ಒಂದು ದಿನ ಜಗಲಿ ಬಿಟ್ಟುಕೊಡಿ. ಮೊದಲ ಹಾಳೆಗಳು ದಪ್ಪ, ತೂತು, ಸೊಟ್ಟ ಬರುತ್ತವೆ, ಹಾಗೇ ಇರಲಿ. ಅದರ ಮೇಲೆ ಶಾಯಿಯಲ್ಲಿ ಬರೆದರೆ ಹರಡುತ್ತದೆ. ಅನ್ನದ ಗಂಜಿಯನ್ನು ತೆಳ್ಳಗೆ ಸವರಿ ಒಣಗಿಸಿ, ನುಣುಪು ಕಲ್ಲಿನಿಂದಲೋ ಸ್ಟೀಲ್ ಲೋಟದ ತಳದಿಂದಲೋ ಉಜ್ಜಿದರೆ ಹರಡುವುದಿಲ್ಲ. ಕಾಗ್ಜಿಗಳೂ ಗಂಜಿ ಸವರಿ, ಕಲ್ಲಿನಿಂದ ಉಜ್ಜಿಯೇ ಹಾಳೆಯನ್ನು ಬರೆಯಲು ಹದ ಮಾಡುತ್ತಿದ್ದರು. ಉಳಿದ ಮುದ್ದೆಯನ್ನು ಹಿಂಡಿ, ಉಂಡೆ ಕಟ್ಟಿ, ಚೆನ್ನಾಗಿ ಒಣಗಿಸಿ ಡಬ್ಬಿಗೆ ಹಾಕಿಡಿ. ಮುಂದಿನ ಬೇಸಿಗೆಗೆ ನೆನೆಹಾಕಿದರೆ ಮತ್ತೆ ಕರಗುತ್ತದೆ.